ಡಿಕ್ಕಿಯಲ್ಲಿದ್ದ ಕಲ್ಲು

ಸ್ನೇಹಿತರೇ, ಇವತ್ತು ಕೊಳ್ಳೇಗಾಲದಲ್ಲಿ ಅಪ್ಪನ ಹಳೇ ಕಾರಿನ ಹಿಂದಿನ ಚಕ್ರಗಳಿಗೆ ಹೊಸ ಬ್ರೇಕ್ ಶೂ ಹಾಕಿಸಿದೆ. ಹಳೆಯವು ಪೂರಾ ಸವೆದು ಹ್ಯಾಂಡ್‌ಬ್ರೇಕ್ ಹಿಡಿಯುತ್ತಲೇ ಇರಲಿಲ್ಲ. ಅಪ್ಪ ಇದ್ದಾಗ ಇಳಿಜಾರಲ್ಲಿ ಕಾರು ನಿಂತರೆ ಅವ್ವ ಇಳಿದು, ಡಿಕ್ಕಿಯಿಂದ ಕಲ್ಲು ತಂದು ಚಕ್ರಕ್ಕೆ ಕೊಡುತ್ತಿದ್ದಳು. ಅವಳು "ಊಂ" ಅಂದ ಮೇಲೆಯೇ ಅಪ್ಪ ಬ್ರೇಕಿನಿಂದ ಕಾಲು ತೆಗೆಯುತ್ತಿದ್ದರು. ಅಪ್ಪ ಹೋದ ಮೇಲೆ ಅವಳು ಆ ಕಾರು ಹತ್ತಿದ್ದು ಇವತ್ತೇ.

"ಇಳಿಜಾರಲ್ಲಿ ನಿಲ್ತದಾ?" ಅಂತ ಕೇಳಿ ಕೇಳಿ ಮೆಕ್ಯಾನಿಕ್‌ಗೆ ಬೇಜಾರು ಹಿಡಿಸಿದ್ದೆ.

"ಬೆಟ್ಟದಲ್ಲೂ ನಿಲ್ತದೆ ಓಗಿ ಸಾ. ಇನ್ನು ಈ ಕಲ್ಲ್ಯಾಕೆ, ಬಿಸಾಕ್ಬುಡ್ಲಾ?" ಅಂದ.

ಅವ್ವ ಅವನ ಕೈಯಿಂದ ಕಲ್ಲು ಕಿತ್ತುಕೊಂಡಳು. "ನಿನ್ ಬ್ರೇಕು ಇವತ್ತು ಉಟ್ಟಿರೋದು ಕಣಪ್ಪ. ಇದು ಒಂದಿನಾನೂ ಕೈ ಕೊಟ್ಟಿಲ್ಲ."

ಮಧುವನಹಳ್ಳಿಯ ನಮ್ಮ ಮನೆ ಮುಂದೆ ರಸ್ತೆ ಇಳಿಜಾರು. ಹ್ಯಾಂಡ್‌ಬ್ರೇಕ್ ಎಳೆದು, "ಇಡೀತದೆ ಕಣವ್ವ" ಅಂದೆ. ಅಂದೆನೇ ಹೊರತು ಕಾಲು ತೆಗೆಯಲು ಧೈರ್ಯ ಬರಲಿಲ್ಲ. ಅಷ್ಟರಲ್ಲಿ ಅವ್ವ ಇಳಿದು ಹಿಂದಕ್ಕೆ ಹೋಗಿದ್ದಳು. ಅಪ್ಪನಿಗೆ ಅನ್ನುತ್ತಿದ್ದ ಹಾಗೆಯೇ "ಊಂ" ಅಂದಳು.

ಆಮೇಲೆ ಕಾಲು ತೆಗೆದೆ. ಹೊಸ ಬ್ರೇಕ್ ಶೂ ಹಿಡಿಯುತ್ತದೋ ಇಲ್ಲವೋ, ನನಗಿನ್ನೂ ಗೊತ್ತಾಗಿಲ್ಲ.