ಮಾವ ಕತ್ತರಿಸಿದ ಬಿಳಿ

ನನ್ನ ಸೋದರಮಾವ ಚಿತ್ರಗಳಿಗೆ ಫ್ರೇಮು ಹಾಕುವವನು. ಅವನ ಪ್ರಕಾರ ಜಗತ್ತಿನಲ್ಲಿರುವುದೆಲ್ಲ ನಟ್ಟನಡುವೆ ಇರಬೇಕು. ಫೋಟೋದಲ್ಲಿ ಒಂದು ಪಕ್ಕಕ್ಕೆ ನಿಂತ ಗಂಡಹೆಂಡಿರನ್ನೂ ಅಂಚು ಕತ್ತರಿಸಿ ನಡುವಿಗೆ ಎಳೆದು ತರುತ್ತಿದ್ದ. ಬೇಡವೆಂದರೆ ಕೇಳುವ ಆಸಾಮಿಯಲ್ಲ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಗಿರಾಕಿಗಳು ಅದನ್ನೇ ಹೊಗಳಿ ಹೊಗಳಿ ಅವನನ್ನು ಪೂರ್ತಿ ಕೆಡಿಸಿದ್ದರು.

ಅಪ್ಪ ತೀರಿಕೊಂಡ ವರ್ಷ ಅಮ್ಮ ಅವನ ಅಂಗಡಿಗೆ ಒಂದು ಜಪಾನಿ ಚಿತ್ರ ಕೊಟ್ಟಳು. ಮರದ ಅಚ್ಚನ್ನು ಕಾಗದಕ್ಕೆ ಒತ್ತಿ ಮಾಡಿದ್ದು. ಅಪ್ಪ ಅವಳಿಗೆಂದು ತಂದುಕೊಟ್ಟ ಒಂದೇ ಒಂದು ಉಡುಗೊರೆ. ಬಲಗಡೆ ಮೂಲೆಯಲ್ಲಿ ಬಾಗಿಲು, ಹೊಸ್ತಿಲ ಮೇಲೆ ದೀಪ ಹಿಡಿದ ಹೆಂಗಸು. ಉಳಿದದ್ದೆಲ್ಲ ಹಿಮ, ಬರೀ ಬಿಳಿ. ಪುಣ್ಯಾತ್ಮ ಮುಕ್ಕಾಲು ಕಾಗದ ದಂಡ ಮಾಡಿದ್ದಾನೆ ಎಂದು ಕಲಾವಿದನನ್ನು ಬೈದುಕೊಂಡು, ಮಾವ ಎಡಗಡೆಯ ಬಿಳಿಯನ್ನು ಕತ್ತರಿಸಿ ಹಾಕಿದ. ಹೆಂಗಸು ನಡುವಿಗೆ ಬಂದಳು. ಮೇಲೆ ಗಾಜು ಕೂರಿಸಿ ಅಮ್ಮನನ್ನೂ ನನ್ನನ್ನೂ ಕರೆದು ತೋರಿಸಿದ.

ಅಮ್ಮ ಚಿತ್ರದ ಎಡ ಅಂಚನ್ನೇ ನೋಡಿದಳು. ನನಗಂತೂ ಮೈಯೆಲ್ಲ ಉರಿದುಹೋಯಿತು.

"ಯಾರಿಗೋ ಕಾಯ್ತಾ ನಿಂತಿದ್ದಾಳೆ, ಚೆನ್ನಾಗಿ ಕಾಣಲಿ ಅಂತ..." ಎಂದ ಮಾವ.

"ಕಾಯ್ತಿಲ್ಲ ಕಣೋ," ಎಂದಳು ಅಮ್ಮ. "ಕಳಿಸಿ ನಿಂತಿದ್ದಾಳೆ."

ಕತ್ತರಿಸಿದ ಚೂರೆಲ್ಲಿ ಎಂದು ಕೇಳಿದಳು. ಅಲ್ಲಿನ ಚೂರುಪಾರೆಲ್ಲ ಅಂಟು ಕಾಯಿಸುವ ಒಲೆಗೆ ಹೋಗುತ್ತಿತ್ತು. ಬುಟ್ಟಿಯನ್ನು ನೆಲಕ್ಕೆ ಸುರಿದು ಮೂವರೂ ತಡಕಾಡಿದೆವು. ಪುಣ್ಯಕ್ಕೆ ಸಿಕ್ಕಿತು. ಅಮ್ಮ ಅದನ್ನು ಕಿಟಕಿಯ ಬಳಿ ಒಯ್ದು ಓರೆಯಾಗಿ ಹಿಡಿದಳು. ಬೆಳಕು ಅಡ್ಡ ಬಿದ್ದದ್ದೇ ತಡ, ಬಿಳಿಯ ಮೇಲೆ ಹೆಜ್ಜೆ ಗುರುತುಗಳು ಎದ್ದವು. ಬಣ್ಣವಿಲ್ಲ, ಅಚ್ಚನ್ನು ಬರಿದೇ ಒತ್ತಿ ಮೂಡಿಸಿದ ತಗ್ಗುಗಳು. ಬಾಗಿಲ ಕಡೆಯಿಂದ ಹೊರಟು ಕಾಗದದ ಅಂಚಿನವರೆಗೂ ಹೋಗಿದ್ದವು. ಅಪ್ಪ ಹೀಗೆ ಹಿಡಿದೇ ಅವಳಿಗೆ ತೋರಿಸಿದ್ದನಂತೆ. ಅಷ್ಟೊಂದು ಬಿಳಿ ಬಿಟ್ಟದ್ದು ಸುಮ್ಮನಲ್ಲ, ಹೋದವನು ಅಷ್ಟು ದೂರ ಹೋಗಿದ್ದಾನೆ ಅಂದಿದ್ದನಂತೆ.

ಇಂಗು ತಿಂದ ಮಂಗನಂತೆ ನಿಂತಿದ್ದ ಮಾವ ಗಾಜು ಬಿಚ್ಚಿದ. ಎರಡು ಚೂರನ್ನೂ ಅಂಚಿಗೆ ಅಂಚು ಕೂಡಿಸಿ ಹಿಂದಿನಿಂದ ತೆಳುಕಾಗದ ಅಂಟಿಸಿದ. ಏನೇ ತಿಪ್ಪರಲಾಗ ಹಾಕಿದರೂ ಗೆರೆ ಉಳಿಯಿತು.

"ಅಕ್ಕಾ, ಇದು ಹೋಗಲ್ಲ," ಎಂದ. ತನ್ನಿಂದ ಆಗದು ಎಂದು ಅವನು ಒಪ್ಪಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ನನ್ನ ಸಿಟ್ಟೂ ಇಳಿಯಿತು.

ಅಮ್ಮ ಬಾಗಿಲಿಂದ ಹಿಡಿದು ಒಂದೊಂದೇ ಹೆಜ್ಜೆಯ ಮೇಲೆ ಬೆರಳಿಡುತ್ತಾ ಬಂದಳು. ಗೆರೆಯ ಹತ್ತಿರ ಬೆರಳು ತಡೆಯಿತು. ಆಮೇಲೆ ದಾಟಿತು.

"ಇರಲಿ ಬಿಡೋ," ಎಂದಳು. "ಅವರು ದಾಟಿ ಹೋಗಿದಾರೆ."