ಸೊಸೆಗೆ ನೈಟ್ ಶಿಫ್ಟ್

ಹೇಳದೆ ಇರಲಾಗುತ್ತಿಲ್ಲ, ಹೇಳಿಯೇ ಬಿಡುತ್ತೇನೆ: ಹೋದ ವಾರ ನಾನು ನಿದ್ದೆ ಮಾಡಿದೆ! ಇದೊಂದು ಸುದ್ದಿಯೇ ಎಂದು ನೀವು ನಗಬಹುದು. ಬೆಕ್ಕು, ನಾಯಿ, ಸಭೆಯ ಮುಂದಿನ ಸಾಲಿನಲ್ಲಿ ಕೂತ ಗಣ್ಯರು ಎಲ್ಲರೂ ದಿನವೂ ಮಾಡುವ ಕೆಲಸ ಅದು. ನಾನು ಮಾತ್ರ ರ‍್ಯಾಂಕ್ ಬಂದ ಹುಡುಗಿಯ ಹಾಗೆ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೇನೆ.

ನನಗಿರುವುದು ಫೈಬ್ರೊಮಯಾಲ್ಜಿಯಾ. ಆ ಹೆಸರನ್ನು ತೊದಲದೆ ಹೇಳುವುದಕ್ಕೇ ನಮ್ಮ ಮನೆಯವರಿಗೆ ಒಂದು ಮಳೆಗಾಲ ಹಿಡಿಯಿತು. ಮೈಯೆಲ್ಲ ನೋವು, ಏಳುವಾಗಲೇ ಸುಸ್ತು. ರಕ್ತ ಕೊಟ್ಟರೂ ಎಕ್ಸ್‌ರೇ ತೆಗೆಸಿದರೂ ಏನೂ ಕಾಣುವುದಿಲ್ಲ. ರಿಪೋರ್ಟ್ ನಾರ್ಮಲ್ ಎಂದು ತಿಳಿದಾಗ ನೆಂಟರೆಲ್ಲ ನನ್ನನ್ನು ಅಭಿನಂದಿಸಿದರು. ಕಾಲು ಮುರಿದಿದ್ದರೆ ಪ್ಲಾಸ್ಟರ್ ತೋರಿಸಿ ಒಂದಿಷ್ಟು ಮೂಸಂಬಿಯನ್ನಾದರೂ ಗಿಟ್ಟಿಸಬಹುದಿತ್ತು. ರಾತ್ರಿ ಎಡಕ್ಕೆ ಹೊರಳಿದರೆ ಭುಜ ತಕರಾರು ತೆಗೆಯುತ್ತದೆ, ಬಲಕ್ಕೆ ಹೊರಳಿದರೆ ಸೊಂಟ. ಅಂಗಾತ ಮಲಗಿದರೆ ಇಬ್ಬರೂ ರಾಜಿಯಾಗಿ ಒಟ್ಟಿಗೇ ಮೇಲೆ ಬೀಳುತ್ತಾರೆ. ಹಾಸಿಗೆಯ ಮೇಲಿನ ಬಟ್ಟೆ ಒಂದು ಕಡೆ ಮಡಿಚಿಕೊಂಡಿದ್ದರೂ ನನ್ನ ಬೆನ್ನಿಗೆ ಗೊತ್ತಾಗುತ್ತದೆ.

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯನ್ನು ನನಗೆ ಹೇಳದವರಿಲ್ಲ. ನಾನು ಸೀರೆಗೆ ಕುಚ್ಚು ಕಟ್ಟುವವಳು. ಕೆಲಸ ತರಲು ನಮ್ಮ ಶಿವಮೊಗ್ಗದ ಗಾಂಧಿ ಬಜಾರಿಗೆ ಹೋದಾಗ ಅಲ್ಲಿ ಹಮಾಲರು ಅಕ್ಕಿಮೂಟೆಗಳ ಮೇಲೆಯೇ ಗೊರಕೆ ಹೊಡೆಯುವುದನ್ನು ಕಂಡು ಹೊಟ್ಟೆ ಉರಿದುಕೊಂಡಿದ್ದೇನೆ. ಅವರಿಗೆ ಚಿಂತೆಯಿಲ್ಲವೆಂದು ಯಾರು ಹೇಳಿದರು? ಗಾದೆ ಕಟ್ಟಿದವರು ಮೈನೋವಿನ ಲೆಕ್ಕವನ್ನೇ ಹಿಡಿದಿಲ್ಲ. ಇನ್ನು ಸಲಹೆಗಳು! ಗಸಗಸೆ ಪಾಯಸ ಕುಡಿದೆ, ಹಾಲಿಗೆ ಜಾಯಿಕಾಯಿ ತೇಯ್ದು ಹಾಕಿದೆ, ಅಂಗಾಲಿಗೆ ಹರಳೆಣ್ಣೆ ಹಚ್ಚಿ ಬಚ್ಚಲಲ್ಲಿ ಜಾರಿದೆ. ಪಾಯಸದಿಂದ ನಿದ್ದೆ ಬಂದದ್ದು ನನ್ನ ಗಂಡನಿಗೆ.

ನಮ್ಮ ಕನ್ನಡ ನಿದ್ದೆಯನ್ನು ಬಹಳ ಗೌರವದಿಂದ ನಡೆಸಿಕೊಳ್ಳುತ್ತದೆ. ನಿದ್ದೆ ಬರುತ್ತದೆ, ಹತ್ತುತ್ತದೆ, ಆವರಿಸುತ್ತದೆ. ಎಲ್ಲ ಕೆಲಸವೂ ಅದರದ್ದೇ, ನಮ್ಮದು ಬಾಗಿಲು ತೆರೆದು ಕಾಯುವುದಷ್ಟೇ. ಆದರೆ ನನ್ನ ಈ ಅತಿಥಿ ಬರುವುದು ಬೆಳಗಿನ ತಿಂಡಿಯ ಹೊತ್ತಿಗೆ. ನೋವು ತಾನೂ ದಣಿದು ಸ್ವಲ್ಪ ಸಡಿಲ ಬಿಡುವ ಹೊತ್ತದು. ಆಗ ಮನೆಯ ಹೆಂಗಸು ಮಲಗಬಹುದೇ? ತ್ಯಾವರೆಕೊಪ್ಪದ ಸಫಾರಿಯಲ್ಲಿ ಒಮ್ಮೆ ಹುಲಿ ಮಟಮಟ ಮಧ್ಯಾಹ್ನ ಕಾಲು ಚಾಚಿ ಮಲಗಿತ್ತು. ಬಸ್ಸಿನ ತುಂಬ ಜನ ಉಸಿರು ಬಿಗಿಹಿಡಿದು, "ಶ್, ಮಲಗಿದೆ!" ಎಂದು ಭಕ್ತಿಯಿಂದ ನೋಡಿದರು. ಒಬ್ಬರಾದರೂ ಅದನ್ನು ಸೋಮಾರಿ ಎನ್ನಲಿಲ್ಲ.

ನನ್ನನ್ನು ಅನ್ನುತ್ತಿದ್ದವರು ಒಬ್ಬರಿದ್ದರು, ನನ್ನ ಅತ್ತೆ. ಭದ್ರಾವತಿಯಲ್ಲಿ ಮೈದುನನ ಸಂಸಾರದ ಜೊತೆ ಇದ್ದಾರೆ. ಕೆಟ್ಟವರಲ್ಲ, ಆದರೆ "ಹಗಲೊತ್ತು ಮಲಗಿದ್ರೆ ಲಕ್ಷ್ಮಿ ಹೊಸಿಲು ದಾಟಿ ಒಳಗೆ ಬರಲ್ಲ" ಎಂಬುದು ಅವರ ಸಿದ್ಧಾಂತ. ನಿದ್ದೆ ಬರದಿದ್ದರೂ ಚಿಂತೆಯಿಲ್ಲ, ನಾನು ಮೈಗಳ್ಳಿಯಲ್ಲ ಎಂದು ಅವರೊಬ್ಬರು ನಂಬಿದರೆ ಸಾಕು ಎಂದು ನನಗೆ ಎಷ್ಟೋ ಸಲ ಅನ್ನಿಸಿದ್ದುಂಟು.

ತಮಾಷೆಯೆಂದರೆ, ಬೇರೆಯವರ ಹಗಲು ನಿದ್ದೆಗೆ ಕಾವಲು ನಿಲ್ಲುವುದರಲ್ಲಿ ಅತ್ತೆಯನ್ನು ಮೀರಿಸುವವರಿರಲಿಲ್ಲ. ಮಾವನವರು ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸಗಾರರಾಗಿದ್ದರು. ಅವರು ನೈಟ್ ಶಿಫ್ಟ್ ಮುಗಿಸಿ ಬಂದು ಮಲಗಿದರೆ ಮನೆಯಲ್ಲಿ ಕುಕ್ಕರ್ ಕೂಗಬಾರದು, ಒಗೆಯುವ ಕಲ್ಲಿನ ಮೇಲೆ ಬಟ್ಟೆ ಬೀಳಬಾರದು, ಮಕ್ಕಳು ಸನ್ನೆಯಲ್ಲೇ ಜಗಳವಾಡಬೇಕು. ಕಿಟಕಿಗೆ ಕಂಬಳಿ ಕಟ್ಟುತ್ತಿದ್ದರು. ಇಡೀ ಸಾಲಿನ ಕ್ವಾರ್ಟರ್ಸಿನಲ್ಲಿ ಇದೇ ಪದ್ಧತಿ. ತರಕಾರಿ ಗಾಡಿಯವನೂ ಯಾರ ಮನೆ ಮುಂದೆ ಕೂಗಬಾರದೆಂದು ತಿಳಿದುಕೊಂಡಿರುತ್ತಿದ್ದನಂತೆ.

ಹೋದ ವಾರ ಮೈದುನನ ಮಗುವಿನ ನಾಮಕರಣಕ್ಕೆ ಹೋಗಿದ್ದೆ. ಮನೆ ತುಂಬ ನೆಂಟರು. ಸಮಾರಂಭ ಮುಗಿದ ರಾತ್ರಿ ನನಗೆ ಜಾಗ ಸಿಕ್ಕಿದ್ದು ಅತ್ತೆಯ ಕೋಣೆಯಲ್ಲಿ, ಅವರ ಪಕ್ಕದಲ್ಲೇ. ಮದುವೆಯಾದ ಇಷ್ಟು ವರ್ಷಗಳಲ್ಲಿ ನಾವಿಬ್ಬರೂ ಒಂದೇ ಕೋಣೆಯಲ್ಲಿ ಮಲಗಿದ್ದು ಅದೇ ಮೊದಲು. ಸದ್ದಾಗದಂತೆ ಹೊರಳಲು ಬಹಳ ಕಷ್ಟಪಟ್ಟೆ. ಬೆಳಿಗ್ಗೆ ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚುತ್ತ ಕೂತಿದ್ದಾಗ ಅತ್ತೆ ನನ್ನ ಕೈಯಿಂದ ಚಾಕು ಕಿತ್ತುಕೊಂಡರು.

"ಸುಜಾತಾ, ದಿನಾ ಹೀಗೇನಾ?"

"ಹೂಂ ಅತ್ತೆ."

"ರಾತ್ರಿಯೆಲ್ಲ ಒದ್ದಾಡಿದ್ದೀಯಲ್ಲ ಮಾರಾಯ್ತಿ! ನಿಮ್ಮ ಮಾವನಿಗೂ ಶಿಫ್ಟ್‌ನಲ್ಲಿ ನಡುನಡುವೆ ಟೀ ಕುಡಿಯೋಕಾದ್ರೂ ಬಿಡ್ತಿದ್ರು. ಏಳು, ಹೋಗಿ ಮಲಗು."

ನಾನು ಬೇಡವೆಂದೆ. ನೆಂಟರಿದ್ದಾರೆ, ಏನೆಂದುಕೊಂಡಾರು ಎಂದೆ. ಅತ್ತೆ ಕೇಳಲಿಲ್ಲ. ಕಿಟಕಿಗೆ ಕಂಬಳಿ ಬಂತು. ಕುಕ್ಕರ್ ಕೆಳಗಿಳಿಯಿತು, ಅನ್ನಕ್ಕೆ ಪಾತ್ರೆಯಲ್ಲೇ ಎಸರಿಟ್ಟರು. ನೆಂಟರ ಬಾಯಿಗೆಲ್ಲ ಒಂದೇ ಏಟಿಗೆ ಬೀಗ ಬಿತ್ತು. ನಾಮಕರಣದ ಕೂಸೊಂದೇ ಆಜ್ಞೆ ಮೀರಿ ಅತ್ತಿತು, ಅದನ್ನು ಎತ್ತಿಕೊಂಡು ಹಿತ್ತಲಿಗೆ ಹೋದರು. ನಾನು ಕಣ್ಣು ಮುಚ್ಚಿದ್ದೆ. ಹೊರಗಡೆ ಪಕ್ಕದ ಮನೆಯ ಸೆಲ್ವಿಯ ಪಿಸುದನಿ ಕೇಳಿಸಿತು.

"ಯಾರಿಗಮ್ಮಾ ನೈಟ್ ಶಿಫ್ಟು? ನಿಮ್ ಮಗ ಬ್ಯಾಂಕ್‌ಗಲ್ವಾ ಹೋಗೋದು?"

"ಮಗನಿಗಲ್ಲ ಕಣೆ, ಸೊಸೆಗೆ."

"ಸೊಸೆಗಾ! ಯಾವ ಫ್ಯಾಕ್ಟ್ರಿ?"

"ಫ್ಯಾಕ್ಟ್ರಿ ಗೀಕ್ಟ್ರಿ ಏನೂ ಇಲ್ಲ. ಮೈನೋವು. ರಾತ್ರಿಯೆಲ್ಲ ಬಿಡಲ್ಲ ಅದು. ನಾನೇ ಕಣ್ಣಾರೆ ನೋಡಿದೀನಿ. ನಿನ್ನ ಮಿಕ್ಸಿ ಆಮೇಲೆ ಹಾಕ್ಕೊ."

ನಾನೇ ಕಣ್ಣಾರೆ ನೋಡಿದೀನಿ! ಯಾವ ರಿಪೋರ್ಟಿನಲ್ಲೂ ಬರದಿದ್ದ ಸಾಲು ಅದು. ದಿಂಬು ಒದ್ದೆಯಾಯಿತು. ಆಮೇಲೆ ಏನಾಯಿತೋ ಗೊತ್ತಿಲ್ಲ, ಏಕೆಂದರೆ ನನಗೆ ನಿದ್ದೆ ಬಂದಿತ್ತು. ಎದ್ದಾಗ ಬಿಸಿ ಸಾರು, ಹಪ್ಪಳ ನನಗಾಗಿ ಕಾದಿದ್ದವು, ಮಾವನವರಿಗೆ ಇಡುತ್ತಿದ್ದ ಹಾಗೆಯೇ. ನೋವು ಎಲ್ಲಿಗೂ ಹೋಗಿರಲಿಲ್ಲ, ಆದರೆ ಅದರ ಜೊತೆಗಿರುತ್ತಿದ್ದ ಹೆದರಿಕೆ ಮಾತ್ರ ಕಾಣಲಿಲ್ಲ. ಹಗಲು ಹೆಚ್ಚು ಮಲಗಬಾರದೆಂದು ಡಾಕ್ಟರು ಹೇಳಿದ್ದಾರೆ, ದಯವಿಟ್ಟು ಅವರ ಕಿವಿಗೆ ಇದನ್ನು ಹಾಕಬೇಡಿ.

ಈಗ ಶಿವಮೊಗ್ಗಕ್ಕೆ ಮರಳಿದ್ದೇನೆ. ಇವತ್ತು ಬೆಳಿಗ್ಗೆ ಗಂಡನನ್ನು ಕೆಲಸಕ್ಕೆ ಕಳಿಸಿ ಮಲಗಿದೆ. ಭುಜ, ಸೊಂಟ ಎರಡರ ಜೊತೆಗೂ ಚೌಕಾಸಿ ಮುಗಿದು, ಇನ್ನೇನು ಜೊಂಪು ಹತ್ತಬೇಕು, ಫೋನು ಕಿರುಚಿತು. ಅತ್ತೆ! ದನಿ ಗುಟ್ಟು ಹೇಳುವಂತಿತ್ತು.

"ಮಲಗಿದ್ಯಾ? ನೋಡು, ಯಾರಾದ್ರೂ ಫೋನ್ ಮಾಡಿ ಎಬ್ಬಿಸಿಬಿಡ್ತಾರೆ. ಆಫ್ ಮಾಡಿ ಮಲಗು. ಅದನ್ನ ಹೇಳೋಣ ಅಂತಾನೇ ಮಾಡಿದೆ."

ಆಗಲಿ ಎಂದೆ, ಆಫ್ ಮಾಡಿದೆ, ದಿಂಬಿಗೆ ಮುಖ ಒತ್ತಿ ಬಿದ್ದು ಬಿದ್ದು ನಕ್ಕೆ. ನಿದ್ದೆ ಮತ್ತೆ ಹತ್ತಿರ ಸುಳಿಯಲಿಲ್ಲ. ನೋವಿಗೆ ಎಚ್ಚರವಾಗಿರುವುದು ನನಗೆ ಹಳೆಯ ಅಭ್ಯಾಸ. ಖುಷಿಗೆ ನಿದ್ದೆ ಬಾರದೆ ಬಿದ್ದುಕೊಂಡಿದ್ದು ಎಷ್ಟೋ ವರ್ಷಗಳ ಮೇಲೆ ಇದೇ ಮೊದಲು.