ಅರ್ಧ ಒತ್ತಿದ ಕ್ಲಚ್ಚು

ಬ್ರೇಕ್ ಮೇಷ್ಟ್ರು ಎಂಬ ಹೆಸರನ್ನು ಅವರಿಗೆ ಇಟ್ಟವರು ಶಿಷ್ಯರು. ಇಪ್ಪತ್ತೆಂಟು ವರ್ಷದಿಂದ ಅವರು ಡ್ರೈವಿಂಗ್ ಸ್ಕೂಲಿನ ಪುಟ್ಟ ಕಾರಿನಲ್ಲಿ, ಕಲಿಯುವವರ ಪಕ್ಕದ ಸೀಟಿನಲ್ಲಿ, ತಮ್ಮ ಕಾಲಡಿಗೆ ಹಾಕಿಸಿಕೊಂಡ ಇನ್ನೊಂದು ಬ್ರೇಕಿನ ಮೇಲೆ ಪಾದವಿಟ್ಟು ಕೂತವರು. "ಈ ಊರಲ್ಲಿ ಅರ್ಧ ಜನ ಉಸಿರಾಡ್ತಿರೋದು ನನ್ನ ಬಲಗಾಲಿನ ದಯೆಯಿಂದ" ಎನ್ನುತ್ತಿದ್ದರು. ಉಳಿದರ್ಧ ಜನ ಯಾರ ದಯೆಯಿಂದ ಉಸಿರಾಡುತ್ತಿದ್ದಾರೆ ಎಂದು ಯಾರೂ ಕೇಳಲು ಹೋಗಿರಲಿಲ್ಲ.

ಅವರ ನಿಜವಾದ ವಿದ್ಯೆ ಕಾಲು ಓದುವುದು. ಶಿಷ್ಯ ರಸ್ತೆ ನೋಡುತ್ತಿದ್ದರೆ ಇವರು ಶಿಷ್ಯನ ಪಾದ ನೋಡುವರು. "ಕ್ಲಚ್ ಒತ್ತಿದೀನಿ ಸಾರ್" ಎಂದು ಯಾರಾದರೂ ಅಂದರೆ, "ಅರ್ಧ ಒತ್ತಿದೀಯ, ಅದಕ್ಕೇ ಗೇರು ಗರ್ರನ್ನುತ್ತೆ. ಇನ್ನರ್ಧ ನಿಮ್ಮ ಮಾವ ಬಂದು ಒತ್ತುತ್ತಾರಾ?" ಎನ್ನುವರು.

ಆಯುಷ್ಯವೆಲ್ಲ ಮೂವತ್ತರ ವೇಗದಲ್ಲಿ ಕಳೆದ ಮನುಷ್ಯನಿಗೆ ಐವತ್ತನಾಲ್ಕನೆಯ ವಯಸ್ಸಿನಲ್ಲಿ ಸ್ಪೋರ್ಟ್ಸ್ ಕಾರಿನ ಹುಚ್ಚು ಹಿಡಿಯಿತು. ಎರಡೇ ಸೀಟು, ಮಡಚಿ ಹಿಂದಕ್ಕೆ ತಳ್ಳುವ ಚಾವಣಿ. ಅಂಥ ಒಂದೇ ಮಾಡೆಲ್ಲಿನ ಎರಡು ತಲೆಮಾರಿನ ಎರಡು ಕಾರುಗಳು ಒಟ್ಟಿಗೇ ಮಾರಾಟಕ್ಕೆ ಬಂದವು. ಮೊದಲ ತಲೆಮಾರಿನದು ಕೆಂಪು, ಒಬ್ಬ ಹಲ್ಲಿನ ಡಾಕ್ಟರದು. ಸ್ವಿಚ್ಚು ಒತ್ತಿದರೆ ಮುಚ್ಚಿದ ಬಾನೆಟ್ಟಿನಿಂದ ದೀಪಗಳು ಕಪ್ಪೆಯ ಕಣ್ಣಿನ ಹಾಗೆ ಮೇಲೇಳುತ್ತಿದ್ದವು. ಎರಡನೆಯ ತಲೆಮಾರಿನದು ನೀಲಿ. ಕಪ್ಪೆಗಣ್ಣು ಇಲ್ಲ, ಆದರೆ ಎಂಜಿನ್ನು ಬಲವಾದದ್ದು, ಹಿಂದಿನ ಕಿಟಕಿಗೆ ಪ್ಲಾಸ್ಟಿಕ್ಕಿನ ಬದಲು ಗಾಜು, ಮೈಯಲ್ಲಿ ತುಕ್ಕು ಕಡಿಮೆ.

ಟ್ರಾಫಿಕ್ ಚಿಹ್ನೆಗಳನ್ನು ಕಲಿಸುವ ಕಪ್ಪು ಹಲಗೆಯ ಮೇಲೆ ಮೇಷ್ಟ್ರು ಗೆರೆ ಎಳೆದು ಎರಡು ಪಟ್ಟಿ ಮಾಡಿದರು. ಲೈಸೆನ್ಸ್ ಪರೀಕ್ಷೆಗೆ ಬಂದಿದ್ದ ಹನ್ನೊಂದು ಜನರ ಅಭಿಪ್ರಾಯವನ್ನೂ ಕೇಳಲಾಯಿತು. ಹತ್ತು ಜನ ಮೇಷ್ಟ್ರ ಮುಖ ನೋಡಿ ಕೆಂಪಿಗೆ ಕೈಯೆತ್ತಿದರು. ಹನ್ನೊಂದನೆಯವಳು, "ಮನೇಲಿ ಮಕ್ಕಳಿದ್ದಾರೆ ಸಾರ್, ಎರಡು ಸೀಟು ಸಾಲಲ್ಲ" ಎಂದಳು.

ಹೆಂಡತಿ ಹಲಗೆ ನೋಡಲೂ ಬರಲಿಲ್ಲ. "ಅಷ್ಟು ತಗ್ಗಿನ ಕಾರಲ್ಲಿ ಕೂರೋದು ಸುಲಭ. ಏಳಿಸೋಕೆ ಕ್ರೇನ್ ಯಾರು ತರ್ತಾರೆ ಅದನ್ನ ಬರೀರಿ ಪಟ್ಟೀಲಿ" ಎಂದಳು.

ಕೊನೆಯ ತೀರ್ಪು ಮಾತ್ರ ಷಡ್ಡಕನದು. ಹೆಂಡತಿಯ ತಂಗಿಯ ಗಂಡ, ಗ್ಯಾರೇಜಿನ ಯಜಮಾನ. ಇಪ್ಪತ್ತು ವರ್ಷದಿಂದ ಸ್ಕೂಲಿನ ಕಾರು ಬಿಚ್ಚಿ ಜೋಡಿಸಿದವನು ಅವನೇ. ಹಳೆ ಕಾರು ಕೊಳ್ಳುವ ಶಿಷ್ಯರನ್ನೆಲ್ಲ ಮೇಷ್ಟ್ರು, "ನನ್ನ ತಮ್ಮ ಇದ್ದ ಹಾಗೆ, ಕಣ್ಣು ಮುಚ್ಚಿ ನಂಬು" ಎಂದು ಅವನ ಬಳಿಗೇ ಕಳಿಸುತ್ತಿದ್ದರು.

ಕಾರು ನೋಡಲು ಹೋದ ದಿನ ಮೇಷ್ಟ್ರು ಅಭ್ಯಾಸಬಲದಿಂದ ಸೀದಾ ಪಕ್ಕದ ಸೀಟಿಗೆ ಹೋಗಿ ಕೂತರು. ಎರಡನ್ನೂ ಓಡಿಸಿದವನು ಷಡ್ಡಕ. ಕಾರನ್ನು ಪಕ್ಕದಲ್ಲಿ ಕೂತೇ ಅಳೆಯಬೇಕು, ಓಡಿಸುವವನಿಗೆ ಓಡಿಸುವುದರಲ್ಲೇ ಗಮನ ಹೋಗಿಬಿಡುತ್ತದೆ ಎಂಬುದು ಮೇಷ್ಟ್ರ ಸಿದ್ಧಾಂತ. ನೀಲಿ ಕಾರು ಬೆಣ್ಣೆಯ ಹಾಗೆ ಓಡಿತು. ಕೆಂಪು ಕಾರು ಪ್ರತಿ ಗೇರಿಗೂ ಗರ್ರೆಂದಿತು.

"ಕೇಳಿಸ್ತಾ ಅಣ್ಣಾ? ಗೇರ್ ಬಾಕ್ಸ್ ಹೋಗಿದೆ. ಇದು ಬೇಡವೇ ಬೇಡ" ಎಂದ ಷಡ್ಡಕ.

ಅವನ ಪಾದ ಕ್ಲಚ್ಚಿನ ಮೇಲೆ ಅರ್ಧಕ್ಕೇ ನಿಂತದ್ದು ಮೇಷ್ಟ್ರ ಕಣ್ಣಿಗೆ ಬಿದ್ದಿತ್ತು. ಶಿಷ್ಯನ ಕಾಲಾಗಿದ್ದರೆ ಮಾವನ ವಿಷಯ ಬರುತ್ತಿತ್ತು. ಇದು ತಮ್ಮನಂಥವನ ಕಾಲು. ಪೆಡಲೇ ಸರಿಯಿಲ್ಲ ಎಂದುಕೊಂಡು ಮೇಷ್ಟ್ರು ನೀಲಿ ಕಾರು ಕೊಂಡರು.

ಮೂರು ವಾರದ ಮೇಲೆ ನಾದಿನಿ ಅಕ್ಕನಿಗೆ ಫೋನ್ ಮಾಡಿದಳು. "ಭಾನುವಾರ ಇಬ್ಬರೂ ಬನ್ನಿ. ಇವರು ಕಾರು ತಗೊಂಡ್ರಲ್ಲ, ಕೆಂಪಗಿರೋದು. ಭಾವನಿಗೆ ಬೇಡ್ವಂತೆ, ಅದಕ್ಕೇ."

ಷಡ್ಡಕ ಅಂಗಳದಲ್ಲಿ ಕಪ್ಪೆಗಣ್ಣುಗಳನ್ನು ಬಟ್ಟೆಯಿಂದ ಉಜ್ಜುತ್ತಿದ್ದ. ಮೇಷ್ಟ್ರನ್ನು ಕಂಡು ಇನ್ನೂ ಜೋರಾಗಿ ಉಜ್ಜತೊಡಗಿದ.

"ಗೇರ್ ಬಾಕ್ಸ್ ರಿಪೇರಿ ಆಯ್ತಾ?"

"ಏನೋ ಅಣ್ಣಾ, ಸ್ವಲ್ಪ ಎಣ್ಣೆ ಹಾಕ್ದೆ..."

"ಕೀ ಕೊಡು."

ಈ ಸಲ ಮೇಷ್ಟ್ರು ಸ್ಟಿಯರಿಂಗಿನ ಹಿಂದೆ ಕೂತರು. ಷಡ್ಡಕ ಪಕ್ಕದಲ್ಲಿ ಮುದುಡಿದ. ಕ್ಲಚ್ಚು ಪೂರ್ತಿ ಒತ್ತಿದಾಗ ಒಂದೊಂದು ಗೇರೂ ತನ್ನ ಮನೆಗೆ ತಾನೇ ನಡೆದುಹೋದಂತೆ ಹೋಗಿ ಕೂತಿತು. ಕಾರು ರಸ್ತೆಗೆ ಅಂಟಿಕೊಂಡು, ಕಿವಿಯ ಪಕ್ಕದಲ್ಲಿ ಗಾಳಿ ಹಾಯಿಸುತ್ತ ಓಡಿತು. ಇಷ್ಟು ಚೆನ್ನಾಗಿದೆಯಲ್ಲ ಎಂಬುದು ಸಂತೋಷವೋ ಸಂಕಟವೋ ಮೇಷ್ಟ್ರಿಗೇ ತಿಳಿಯಲಿಲ್ಲ. ತಿರುವಿನಾಚೆ ಒಂದು ಗೋಡೆಯ ಪಕ್ಕ ನಿಲ್ಲಿಸಿದರು.

"ಅವತ್ತು ನೀನು ಅರ್ಧ ಒತ್ತಿದ್ದೆ."

ಷಡ್ಡಕ ಡ್ಯಾಶ್‌ಬೋರ್ಡಿನ ಧೂಳನ್ನು ಬೆರಳಲ್ಲಿ ಒರೆಸಿದ. "ನಿಮ್ಮ ಸೊಂಟಕ್ಕೆ ನೀಲೀನೇ ಒಳ್ಳೇದು ಅಣ್ಣಾ. ಸುಳ್ಳಲ್ಲ. ಅದು ಎಲ್ಲಾ ಲೆಕ್ಕದಲ್ಲೂ ಮೇಲಿನ ಕಾರು."

"ಹಾಗಿದ್ರೆ ನೀನ್ಯಾಕೆ ಅದನ್ನ ತಗೊಳ್ಳಲಿಲ್ಲ?"

ಷಡ್ಡಕ ಒರೆಸಿದ ಜಾಗವನ್ನೇ ಮತ್ತೆ ಒರೆಸುತ್ತ, "ಚಿಕ್ಕಂದಿನಿಂದ ಇದೇ ಕಾರಿನ ಚಿತ್ರ ಗೋಡೆ ಮೇಲೆ ಅಂಟಿಸ್ಕೊಂಡಿದ್ದೆ. ನಿಮ್ಮ ಹತ್ರ ಕೇಳೋಕೆ ನಾಚ್ಕೆ ಆಯ್ತು" ಎಂದ.

"ಕೇಳಿದ್ರೆ ಬಿಟ್ಟುಕೊಡ್ತಿದ್ದೆ ಕಣೋ!"

ಹೇಳಿದ ಮೇಲೆ, ಅದು ನಿಜವೇ ಎಂದು ಮೇಷ್ಟ್ರು ಒಂದು ಗಳಿಗೆ ಯೋಚಿಸಿದರು. ಬಹುಶಃ ಬಿಡುತ್ತಿರಲಿಲ್ಲ. ಆದರೆ ಬಿಡದಿರುವ ಹಕ್ಕಾದರೂ ತಮ್ಮದಾಗಿರುತ್ತಿತ್ತು.

"ಬೇಕಾದ್ರೆ ಈಗ್ಲೇ ಅದಲು ಬದಲು ಮಾಡ್ಕೊಳ್ಳೋಣ ಅಣ್ಣಾ. ದೇವರಾಣೆ, ಇದರ ಗೇರ್ ಬಾಕ್ಸ್ ಇನ್ನೂ ಹತ್ತು ವರ್ಷ ಅಲ್ಲಾಡಲ್ಲ."

ಕೀಲಿ ಇನ್ನೂ ಮೇಷ್ಟ್ರ ಕೈಯಲ್ಲೇ ಇತ್ತು. ಆಸೆಯೂ ಇತ್ತು. ಆದರೆ ಆ ಮಾತನ್ನು ಹೇಳುತ್ತಿದ್ದ ಬಾಯಿ ಯಾವುದು ಎಂಬುದು ನೆನಪಾಗಿ, ಗೇರ್ ಬಾಕ್ಸಿನ ಮೇಲೆ ಮೊದಲ ಸಲ ಅನುಮಾನ ಬಂತು.

"ನಾನು ಕಳಿಸಿದ ಹುಡುಗ್ರಿಗೂ ಹೀಗೇ ಮಾಡಿದ್ಯಾ?"

ಷಡ್ಡಕ ಬಹಳ ಹೊತ್ತು ಲೆಕ್ಕ ಹಾಕಿದ. "ಎಲ್ಲರಿಗೂ ಅಲ್ಲ ಅಣ್ಣಾ" ಎಂದ, ತುಂಬ ಪ್ರಾಮಾಣಿಕವಾಗಿ.

ನೀಲಿ ಕಾರಿನಲ್ಲಿ ಮನೆಗೆ ಮರಳುವಾಗ ಹೆಂಡತಿ ಗಂಡನ ಮುಖವನ್ನೇ ನೋಡಿದಳು. "ಯಾಕ್ರೀ ಹೀಗಿದೀರಾ? ಅವರ ಕಾರು ಚೆನ್ನಾಗಿಲ್ವಾ?"

"ತುಂಬಾ ಚೆನ್ನಾಗಿದೆ ಕಣೇ" ಎಂದರು ಮೇಷ್ಟ್ರು. "ಅದೇ."